ಮೊದಲ ‘ಬೇಡ’ವನ್ನು ನಂಬಿದ ವಿಮಾನ ಸಂಸ್ಥೆಗೆ

ದುಬೈ, ಚಿಕ್ಕಮ್ಮನ ಮನೆಯಿಂದ
ನೌರೂಜ್ ಹೊಸವರ್ಷದ ರಜೆಯ ನಡುವೆ

ಅತಿಥಿ ತೃಪ್ತಿ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ತಾವು, ತಮ್ಮ ಶ್ರೀಮತಿಯವರು, ತಮ್ಮ ತಂದೆತಾಯಿ, ಮಕ್ಕಳುಮರಿ ಮತ್ತು ತಮ್ಮ ಪೈಲಟ್‌ಗಳೆಲ್ಲರೂ ಕ್ಷೇಮವೆಂದು ಮೊದಲು ನಂಬಿ, ಆಮೇಲೆ ಮುಂದುವರಿಯುತ್ತೇನೆ. ತಮ್ಮ ನೆರಳು ನಮ್ಮ ತಲೆಯ ಮೇಲಿಂದ ಎಂದಿಗೂ ಸರಿಯದಿರಲಿ. ತಮ್ಮ ವಿಮಾನಗಳ ನೆರಳಂತೂ ಇರಾನಿನ ಶೀರಾಜ್‌ನಲ್ಲಿರುವ ನಮ್ಮ ಮನೆಯ ಮಾಳಿಗೆಯ ಮೇಲೆ ದಿನವೂ ಹಾದುಹೋಗುತ್ತದೆ, ಅದಕ್ಕೂ ನಾವು ಋಣಿಗಳು. ತಮ್ಮ ಸಂಸ್ಥೆಯ ಹೆಸರನ್ನು ಈ ಬಹಿರಂಗ ಪತ್ರದಲ್ಲಿ ಬರೆದು ತಮಗೆ ಮುಜುಗರ ಉಂಟುಮಾಡುವಷ್ಟು ಒರಟು ಮನೆತನದಲ್ಲಿ ನಾನು ಹುಟ್ಟಿಲ್ಲ. ತಮಗೆ ಗೊತ್ತು, ನನಗೆ ಗೊತ್ತು, ಅಷ್ಟು ಸಾಕು.

ಇದನ್ನು ಬಹಿರಂಗವಾಗಿ ಬರೆಯಬೇಕಾಗಿ ಬಂದದ್ದಕ್ಕೆ ತಮ್ಮ ಕಚೇರಿಯ ಕಾರ್ಯದಕ್ಷತೆಯೇ ಕಾರಣ. ನಾವು ದುಬೈನಲ್ಲಿ ಇಳಿದ ಮರುದಿನವೇ ತಮ್ಮ ಕಚೇರಿಯ ಯುವಕರೊಬ್ಬರು ಫೋನ್ ಮಾಡಿ, “ಪ್ರಯಾಣ ಹೇಗಿತ್ತು ಸಾರ್? ಏನಾದ್ರೂ ಕಂಪ್ಲೇಂಟ್ ಇದೆಯಾ?” ಎಂದು ವಿಚಾರಿಸಿದರು. ನಾನು, ಯಾವ ಮರ್ಯಾದಸ್ಥನೂ ಹೇಳುವ ಹಾಗೆ, “ಅಯ್ಯೋ, ಎಂಥ ಕಂಪ್ಲೇಂಟು! ನಿಮ್ಮ ಕೈಗೆ ನೋವಾಗದಿರಲಿ, ಎಲ್ಲಾ ಚೆನ್ನಾಗಿತ್ತು” ಎಂದೆ. ಹಾಗೆಂದು ಫೋನನ್ನು ಕಿವಿಗೆ ಒತ್ತಿಕೊಂಡು, ಅವರು ಇನ್ನೊಮ್ಮೆ ಕೇಳಲಿ ಎಂದು ಕಾದೆ. ಎರಡನೆಯ ಸಲ ಕೇಳಿದ್ದರೆ “ಹಾಗೇನಿಲ್ಲ, ಆದ್ರೂ...” ಎನ್ನುತ್ತಿದ್ದೆ. ಮೂರನೆಯ ಸಲಕ್ಕೆ ಹೊಟ್ಟೆಯಲ್ಲಿದ್ದುದನ್ನೆಲ್ಲ ಹೇಳಿಬಿಡುತ್ತಿದ್ದೆ. ಅವರು ಧನ್ಯವಾದ ಹೇಳಿ ಫೋನ್ ಇಟ್ಟರು. ಸಂಜೆಯೊಳಗೆ, ‘ತಮ್ಮ ಪ್ರಕರಣ ಸಂತೋಷಕರವಾಗಿ ಮುಗಿದಿದೆ’ ಎಂಬ ಸಂದೇಶವೂ ಬಂತು. ನಾನು ಬಾಯಿ ತೆರೆಯುವ ಮೊದಲೇ ನನ್ನನ್ನು ಸಂತೋಷಪಡಿಸಿದ ಮೊದಲ ಸಂಸ್ಥೆ ತಮ್ಮದು.

ಈಗ ವಿಷಯಕ್ಕೆ ಬರುತ್ತೇನೆ. ವಿಷಯವೆಂದರೆ ನನ್ನ ತಾಯಿ ಫರಂಗೀಸ್ ಖಾನಂ ಅವರ ಒಂದು ಲೋಟ ಚಹಾ.

ನಮ್ಮ ಮನೆಯಲ್ಲಿ ಚಹಾದ ನೀರು ಕಾಯಿಸುವ ಸಮಾವರ್ ಬೆಳಗ್ಗೆ ಕುದಿಯಲು ಶುರುವಾದರೆ ರಾತ್ರಿಯವರೆಗೆ ಕುದಿಯುತ್ತಲೇ ಇರುತ್ತದೆ, ಬರುವವರು ಬರುತ್ತಲೇ ಇರುತ್ತಾರೆ. ಊಟದ ಹಾಸು ಹಾಸಿದಾಗ ನನ್ನ ತಾಯಿ ಅಡುಗೆಮನೆಯ ಬಾಗಿಲಿಗೆ ಹತ್ತಿರದ ಮೂಲೆಯಲ್ಲಿ, ಒಂದು ಮೊಣಕಾಲು ಎತ್ತಿಕೊಂಡು, ಏಳಲು ತಯಾರಾಗಿಯೇ ಕೂರುತ್ತಾರೆ. ಎಲ್ಲರಿಗೂ ಕೊಟ್ಟಾದ ಮೇಲೆ ತಮಗೊಂದು ಲೋಟ ಚಹಾ ಬಗ್ಗಿಸಿಕೊಂಡು, ಸಕ್ಕರೆ ತುಂಡನ್ನು ಹಲ್ಲಿನ ನಡುವೆ ಇಟ್ಟುಕೊಂಡು ಲೋಟ ಎತ್ತಿದರೋ ಇಲ್ಲವೋ, ಯಾರೋ ಬಾಗಿಲು ತಟ್ಟುತ್ತಾರೆ, ಇಲ್ಲವೇ ಯಾರಿಗೋ ಉಪ್ಪು ಬೇಕಾಗುತ್ತದೆ. ಸಕ್ಕರೆ ಬಾಯಲ್ಲೇ ಕರಗುತ್ತದೆ, ಚಹಾ ಲೋಟದಲ್ಲೇ ಆರುತ್ತದೆ. ನನಗೆ ನಲವತ್ತು ದಾಟಿದೆ. ನನ್ನ ತಾಯಿ ಕೂತಲ್ಲೇ ಕೂತು ಒಂದು ಲೋಟ ಬಿಸಿ ಚಹಾವನ್ನು ಪೂರ್ತಿ ಕುಡಿದದ್ದನ್ನು ನಾನು ಇಂದಿನವರೆಗೆ ನೋಡಿಲ್ಲ, ಮತ್ತು ಅದು ನನ್ನ ಮನಸ್ಸಿಗೆ ಬಹಳ ನೋವಿನ ಸಂಗತಿ.

ಆದ್ದರಿಂದ, ಚಿಕ್ಕಮ್ಮ ಮಹ್‌ಲಕಾ ಈ ಸಲದ ನೌರೂಜ್‌ಗೆ ದುಬೈಗೆ ಕರೆದಾಗ, ನಾನು ನನ್ನ ತಂದೆತಾಯಿ, ಹೆಂಡತಿ ಲಾದನ್, ಎಂಟು ವರ್ಷದ ಮಗಳು ಬಾರಾನ್ ಎಲ್ಲರಿಗೂ ತಮ್ಮ ಬಿಸಿನೆಸ್ ಕ್ಲಾಸಿನಲ್ಲೇ ಟಿಕೆಟ್ ತೆಗೆದೆ. ನನ್ನ ತಂದೆ ಅಮಾನುಲ್ಲಾ ಅವರು, “ಒಂದು ಗಂಟೆ ದಾರಿಗೆ ಬಿಸಿನೆಸ್ ಕ್ಲಾಸಾ? ಸೀಟು ಬೆಚ್ಚಗಾಗೋದ್ರೊಳಗೆ ಇಳೀಬೇಕಲ್ಲೋ ಪುಣ್ಯಾತ್ಮ!” ಎಂದು ಹಾಸ್ಯ ಮಾಡಿದರು. ನನಗೆ ಸೀಟಿನ ಅಗಲದ ಮೇಲೆ ಆಸೆ ಇರಲಿಲ್ಲ. ಅಮ್ಮ ಕೂತಿರಬೇಕು, ಬೇರೆ ಯಾರಾದರೂ ಅವರಿಗೆ ಚಹಾ ತಂದುಕೊಡಬೇಕು, ಅದನ್ನು ಅವರು ಬಿಸಿಯಿರುವಾಗಲೇ ಕುಡಿಯಬೇಕು, ನಾನು ಪಕ್ಕದಲ್ಲಿ ಕೂತು ನೋಡಬೇಕು. ನನ್ನ ಬೇಡಿಕೆ ಇಷ್ಟೇ ಇತ್ತು.

ತಮ್ಮ ಸಂಸ್ಥೆಯ ಸೌಜನ್ಯ ವಿಮಾನದ ಬಾಗಿಲಿನಲ್ಲೇ ಆರಂಭವಾಯಿತು. ‘ಬಿಸಿನೆಸ್ ಕ್ಲಾಸಿನವರು ಮೊದಲು ಬರಬೇಕು’ ಎಂದು ಕರೆದರು. ನಮ್ಮ ಹಿಂದೆ ಹಿರಿಯರೊಬ್ಬರು ನಿಂತಿದ್ದರು. ಅವರನ್ನು ಹಿಂದೆ ಹಾಕಿ ನಾವು ಮುಂದೆ ಹೋಗುವುದಾದರೂ ಹೇಗೆ? “ನೀವು ಮೊದಲು” ಎಂದರು ನನ್ನ ತಂದೆ. “ಸಾಧ್ಯವೇ ಇಲ್ಲ, ನೀವು” ಎಂದರು ಅವರು. “ನಿಮ್ಮನ್ನ ಬಿಟ್ಟು ನಾನು ಹೋಗೋದಾ? ಪ್ರಾಣ ಹೋದ್ರೂ ಇಲ್ಲ.” ಆ ಹಿರಿಯರು ಕೊನೆಗೆ ಸೋತು ಒಳಗೆ ಹೋದರು, ಅವರ ಹಿಂದೆ ಅವರ ಮನೆಯವರು, ಅವರ ಹಿಂದೆ ಅವರ ಹಿಂದಿನವರು, ಹೀಗೆ ಎಲ್ಲರಿಗಿಂತ ಮೊದಲು ಹತ್ತುವ ಹಕ್ಕನ್ನು ಚಲಾಯಿಸಿ ನಾವು ಎಲ್ಲರಿಗಿಂತ ಕೊನೆಯಲ್ಲಿ ಹತ್ತಿದೆವು.

ಒಳಗೆ ಹೋದರೆ, ಪರದೆಯ ಆಚೆ, ಹಿಂದಿನ ಸೀಟುಗಳ ಸಾಲಿನಲ್ಲಿ ಹಾಲೆಂಡ್ ದೇಶದ ಇಂಜಿನಿಯರೊಬ್ಬರು ತಮ್ಮ ಉದ್ದನೆಯ ಕಾಲುಗಳನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದರು. ನನ್ನ ತಂದೆ ತಮಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲಿ, “ಬನ್ನಿ ಸ್ವಾಮೀ, ನಮ್ಮ ಜಾಗ ನಿಮ್ಮದೇ ಅಂದ್ಕೊಳ್ಳಿ” ಎಂದರು. ನಮ್ಮಲ್ಲಿ ಇದಕ್ಕೆ ತಾರೋಫ್ ಎನ್ನುತ್ತಾರೆ. ಶೀರಾಜ್‌ನವನಾಗಿದ್ದರೆ ಎದೆಯ ಮೇಲೆ ಕೈಯಿಟ್ಟು, “ಅಯ್ಯೋ ಎಲ್ಲಾದ್ರೂ ಉಂಟೇ” ಎನ್ನುತ್ತಿದ್ದ, ಇವರು ಒತ್ತಾಯ ಮಾಡುತ್ತಿದ್ದರು, ಅವನು ನಿರಾಕರಿಸುತ್ತಿದ್ದ, ಕೊನೆಗೆ ಇಬ್ಬರೂ ತೃಪ್ತಿಯಿಂದ ತಮ್ಮತಮ್ಮ ಸೀಟಿನಲ್ಲೇ ಕೂರುತ್ತಿದ್ದರು. ಆ ಇಂಜಿನಿಯರ್ ಕಣ್ಣಲ್ಲಿ ನೀರು ತಂದುಕೊಂಡು, “ತುಂಬಾ ಥ್ಯಾಂಕ್ಸ್” ಎಂದು ಬಂದು ಕೂತುಬಿಟ್ಟರು. ನನ್ನ ತಂದೆ ಮದುವೆ ಮನೆಯಲ್ಲಿ ಚಪ್ಪಲಿ ಕಳೆದುಕೊಂಡವರ ಹಾಗೆ ಒಂದು ಕ್ಷಣ ನಿಂತು, ನಂತರ ಬಹಳ ಗಾಂಭೀರ್ಯದಿಂದ ಪರದೆಯ ಹಿಂದೆ ನಡೆದುಹೋದರು. ಕೊಟ್ಟ ಮಾತನ್ನು ಹಿಂದೆಗೆದುಕೊಳ್ಳುವ ವ್ಯವಸ್ಥೆ ನಮ್ಮಲ್ಲಿ ಇಲ್ಲ.

ವಿಮಾನ ಮೇಲೇರಿತು. ತಮ್ಮ ಗಗನಸಖಿ ಇರೀನಾ ಅವರು ನಗುಮುಖದಿಂದ, ನಮ್ಮ ಭಾಷೆಯಲ್ಲೇ, “ಚಹಾ ತರ್ಲಾ ಖಾನಂ?” ಎಂದು ನನ್ನ ತಾಯಿಯನ್ನು ಕೇಳಿದರು. ಮಾನ್ಯರೇ, ಆ ಕ್ಷಣದಲ್ಲಿ ನನಗಾದ ಸಂತೋಷವನ್ನು ಹೇಗೆ ವರ್ಣಿಸಲಿ! ಅಮ್ಮನ ಮುಖ ಅರಳಿತು. ಅವರು, “ಬೇಡ ಮಗಳೇ, ಯಾಕೆ ಸುಮ್ನೆ ನಿಂಗೆ ತೊಂದ್ರೆ” ಎಂದರು. ಹಾಗೆನ್ನುತ್ತಲೇ ಮಡಿಸುವ ಮೇಜಿನ ಮೇಲಿದ್ದ ಕೈಚೀಲವನ್ನು ತೆಗೆದು ಪಕ್ಕಕ್ಕಿಟ್ಟುಕೊಂಡರು, ಲೋಟಕ್ಕೆ ಜಾಗ ಬೇಕಲ್ಲ. ಚೀಲದಿಂದ ಮನೆಯ ಸಕ್ಕರೆ ತುಂಡೊಂದನ್ನು ತೆಗೆದು ಕಾಗದದ ಕರವಸ್ತ್ರದ ಮೇಲೆ ಇಟ್ಟುಕೊಂಡರು. ಇರೀನಾ ಅವರು, “ಸರಿ ಖಾನಂ” ಎಂದು ಮುಂದಕ್ಕೆ ಹೋದರು.

ಹಿರಿಯರು ಬೇಡವೆಂದ ಮೇಲೆ ಲಾದನ್ ಬೇಕೆನ್ನುವಂತಿಲ್ಲ, ಲಾದನ್ ಬೇಡವೆಂದ ಮೇಲೆ ನಾನು ಬೇಕೆನ್ನುವಂತಿಲ್ಲ. ಬಾರಾನ್ ಮಾತ್ರ, “ನಂಗೆ ಬೇಕು. ಎಲ್ಲಾದ್ರಲ್ಲೂ ಎರಡೆರಡು” ಎಂದಳು, ಮತ್ತು ತಮ್ಮ ಸಂಸ್ಥೆ ಅವಳಿಗೆ ಕೇಸರಿ ಅನ್ನ, ಕೋಳಿ, ಕೇಕು, ದಾಳಿಂಬೆ ರಸ ಎಲ್ಲವನ್ನೂ ಎರಡೆರಡು ಕೊಟ್ಟಿತು. ಮಗುವಿಗೆ ಇನ್ನೂ ಸಂಸ್ಕಾರ ಬಂದಿಲ್ಲ, ಹೊಟ್ಟೆ ತುಂಬಿತು.

ನಾನು ಪಿಸುಮಾತಿನಲ್ಲಿ, “ಅಮ್ಮಾ, ಬೇಕು ಅಂತ ಹೇಳ್ಬಾರ್ದಾ? ನಾನೇ ಕರೀಲಾ?” ಎಂದೆ. “ಸುಮ್ನಿರೋ, ಮಾನ ಕಳೀಬೇಡ” ಎಂದರು ಅಮ್ಮ. “ಆ ಹುಡುಗಿ ಇನ್ನೊಂದ್ಸಲ ಕೇಳ್ತಾಳೆ. ಒಳ್ಳೆ ಮನೆ ಹುಡುಗಿ ಥರ ಕಾಣ್ತಾಳೆ.” ಇರೀನಾ ಅವರು ಒಳ್ಳೆಯ ಮನೆಯವರೇ ಇರಬೇಕು, ಆದರೆ ಅವರು ಕೇಳಲಿಲ್ಲ. ಅಮ್ಮ ಕಿಟಕಿಯಿಂದ ಸಮುದ್ರ ನೋಡಿದರು, ಸಕ್ಕರೆ ತುಂಡು ನೋಡಿದರು, ಮತ್ತೆ ಸಮುದ್ರ ನೋಡಿದರು.

ಸ್ವಲ್ಪ ಹೊತ್ತಿನ ಮೇಲೆ, “ಪಾಪ, ಒಬ್ಳೇ ಎಷ್ಟು ಓಡಾಡ್ತಿದಾಳೆ, ಏನಾದ್ರೂ ತಿಂದಿದಾಳೋ ಇಲ್ವೋ” ಎನ್ನುತ್ತ ನನ್ನ ತಾಯಿ ಎದ್ದರು. ಯಾವ ಕೆಲಸದಿಂದ ಅವರನ್ನು ಒಂದು ಗಂಟೆ ಬಿಡಿಸಬೇಕೆಂದು ನಾನು ಇಷ್ಟೆಲ್ಲ ಮಾಡಿದ್ದೆನೋ ಆ ಕೆಲಸ ಆಕಾಶದಲ್ಲಿ ಶುರುವಾಯಿತು. ಚೀಲದಿಂದ ಎಳೆ ಸೌತೆಕಾಯಿಗಳೂ ಉಪ್ಪಿನ ಪೊಟ್ಟಣವೂ ಹೊರಬಂದವು. ಇರೀನಾ ಅವರು, “ಬೇಡ, ಥ್ಯಾಂಕ್ಸ್” ಎಂದರು. “ಒಂದೇ ಒಂದು ಮಗಳೇ” ಎಂದರು ಅಮ್ಮ. “ಡ್ಯೂಟಿಲಿ ತಿನ್ನೋ ಹಾಗಿಲ್ಲ ಖಾನಂ.” “ನನ್ನಾಣೆ ಇದೆ, ತಗೋ.” ಇರೀನಾ ಅವರು ತೆಗೆದುಕೊಂಡು ಪರದೆಯ ಹಿಂದೆ ಹೋದರು, ಕರುಂ ಕುರುಂ ಎಂಬ ಸದ್ದು ನಮಗೆಲ್ಲ ಕೇಳಿಸಿತು. ಉಪಚಾರ ಮಾಡುವುದು ಹೇಗೆಂಬುದನ್ನು ತಮ್ಮ ಸಿಬ್ಬಂದಿಗೆ ನನ್ನ ತಾಯಿ ಹೀಗೆ ಪ್ರಾತ್ಯಕ್ಷಿಕೆಯ ಮೂಲಕ ತೋರಿಸಿಕೊಟ್ಟರು, ಅದಕ್ಕೆ ತಾವು ಏನೂ ಕೊಡಬೇಕಾಗಿಲ್ಲ. ಹಾಲೆಂಡಿನ ಇಂಜಿನಿಯರ್ ಮೊದಲ ಸಲಕ್ಕೇ ಎರಡು ಸೌತೆಕಾಯಿ ತೆಗೆದುಕೊಂಡರು. ಅಮ್ಮ ಮರುಗಿದರು: “ಒಂದ್ಸಲ ಕೇಳಿದ್ದಕ್ಕೇ ತಗೊಂಡ್ಬಿಟ್ಟ ನೋಡು. ಎಷ್ಟು ಹಸಿದಿದ್ನೋ ಪಾಪ.”

ಅಷ್ಟರಲ್ಲಿ ಸೀಟ್ ಬೆಲ್ಟಿನ ದೀಪ ಹತ್ತಿತು. ನನ್ನ ತಾಯಿ ಬಂದು ಕೂತರು. ಮಾನ್ಯರೇ, ನನ್ನ ತಂದೆಯ ಬೈಗುಳ, ವೈದ್ಯರ ಸಲಹೆ, ನನ್ನ ಬೇಡಿಕೆ, ಸ್ವತಃ ಅವರ ಮೊಣಕಾಲಿನ ನೋವು, ಇವು ಯಾವುವೂ ಮಾಡಿಸಲಾಗದ್ದನ್ನು ತಮ್ಮ ಒಂದು ಪುಟ್ಟ ದೀಪ ಮಾಡಿಸಿತು. ಇರೀನಾ ಅವರು ಎರಡನೆಯ ಬಾರಿ ಬಂದರು. ಅಮ್ಮ ತಲೆವಸ್ತ್ರ ಸರಿಮಾಡಿಕೊಂಡು, ನಗುತ್ತ ಮುಖವೆತ್ತಿದರು. ಇರೀನಾ ಅವರು ಮೇಜನ್ನು ಮಡಿಸಿ ಹೋದರು. ಅಮ್ಮ ಸಕ್ಕರೆ ತುಂಡನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ನನಗೆ ಅಳು ಬಂತು, ಆದರೆ ಬಿಸಿನೆಸ್ ಕ್ಲಾಸಿನಲ್ಲಿ ಅಳುವುದು ಚೆನ್ನಾಗಿರುವುದಿಲ್ಲ ಎಂದು ಸುಮ್ಮನಾದೆ.

ಇಳಿದು ಲಗೇಜಿಗೆ ಕಾಯುತ್ತಿದ್ದಾಗ ನನ್ನ ತಂದೆ ಬಾಯಿ ಒರೆಸಿಕೊಳ್ಳುತ್ತ ಬಂದರು. “ಹಿಂದ್ಗಡೆ ಅವ್ರು ಕೇಳೋದೇ ಇಲ್ಲ ಕಣೋ! ಸ್ಯಾಂಡ್‌ವಿಚ್ಚು, ಮೊಸರು, ಕೇಕು ಎಲ್ಲಾ ಒಂದು ಡಬ್ಬೀಲಿ ಹಾಕಿ ಮುಂದೆ ಇಟ್ಟು ಹೋಗ್ತಾರೆ. ಬೇಡ ಅನ್ನೋಕೆ ಬಾಯಿ ತೆಗೆಯೋದ್ರೊಳಗೆ ಚಹಾನೂ ಸುರಿದಾಯ್ತು!” ಅಮ್ಮ ಅವರ ಮುಖವನ್ನೇ ನೋಡುತ್ತಿದ್ದರು. “ಬಿಸಿ ಇತ್ತೇನ್ರೀ?” ಎಂದು ಕೇಳಿದರು. “ನಾಲಿಗೆ ಸುಟ್ಟೋಯ್ತು” ಎಂದರು ಅಪ್ಪ, ಬಹಳ ಸಂತೋಷದಿಂದ.

ಚಿಕ್ಕಮ್ಮನ ಮನೆಯಲ್ಲಿ ತಮ್ಮ ಸಂಸ್ಥೆಗೆ ಸಂದ ಗೌರವವನ್ನು ಹೇಳದಿದ್ದರೆ ಪತ್ರ ಪೂರ್ಣವಾಗದು. “ಏನಾದ್ರೂ ತಿಂದ್ಯೇನೇ ಅಕ್ಕಾ? ಚಹಾ ಇಡ್ಲಾ?” ಎಂದು ಚಿಕ್ಕಮ್ಮ ಕೇಳಿದ್ದೇ ತಡ, ನನ್ನ ತಾಯಿ ಗಂಟಲಿನವರೆಗೆ ಕೈ ತೋರಿಸಿ, “ಇಲ್ಲೀವರೆಗೂ ತುಂಬ್ಸಿದಾರೆ ಕಣೇ! ಒಂದು ಹುಡುಗಿ ಬಿಟ್ಟೂಬಿಡದೆ ಉಪಚಾರ ಮಾಡಿದ್ಲು. ಚಹಾನೇ ಎಷ್ಟು ಲೋಟ ಕುಡಿದ್ನೋ” ಎಂದರು. ಮಗ ಅಷ್ಟು ಆಸೆಪಟ್ಟು ಕೂರಿಸಿದ ಸೀಟಿನಲ್ಲಿ ತಾವು ಬರಿಗಂಟಲಲ್ಲಿ ಬಂದದ್ದು ತಂಗಿಗೆ ತಿಳಿಯಬಾರದಲ್ಲ. “ಇಲ್ಲ, ಅಜ್ಜಿ ಏನೂ...” ಎಂದು ಬಾರಾನ್ ಬಾಯಿ ತೆರೆದಳು, ಅಜ್ಜಿ ಅದರೊಳಗೆ ಒಂದು ಬಾದಾಮಿ ಮಿಠಾಯಿ ತುರುಕಿದರು. ಚಿಕ್ಕಮ್ಮ ಎರಡನೆಯ ಸಲವೂ ಕೇಳಿದರು. ಅಮ್ಮ, “ನನ್ನಾಣೆ” ಎಂದುಬಿಟ್ಟರು. ಆಣೆಯ ಮೇಲೆ ಇನ್ನು ಒತ್ತಾಯ ಮಾಡುವಂತಿಲ್ಲ. ಹೀಗೆ ತಮ್ಮ ಸಂಸ್ಥೆಯ ಮಾನ ಉಳಿಸಲು ಹೋಗಿ ನನ್ನ ತಾಯಿ ಆ ದಿನದ ಎರಡನೆಯ ಚಹಾವನ್ನೂ ಕಳೆದುಕೊಂಡರು.

ಇನ್ನು ನನ್ನ ವಿನಮ್ರ ಬೇಡಿಕೆಗಳು. ಏನನ್ನೇ ಆದರೂ ಮೂರು ಸಲ ಕೇಳಬೇಕೆಂದು ತಮ್ಮ ಸಿಬ್ಬಂದಿಗೆ ತಿಳಿಸಿರಿ. ನಮ್ಮೂರಿಗೂ ದುಬೈಗೂ ನಡುವಿನ ಇಷ್ಟು ಕಿರಿದಾದ ಕೊಲ್ಲಿಯ ಮೇಲೆ ಮೂರು ಸಲ ಕೇಳಲು ವೇಳೆ ಸಾಲದೆಂದು ತಾವು ಹೇಳಬಹುದು, ಅದು ನ್ಯಾಯವೇ, ಆದ್ದರಿಂದ ಕೊಲ್ಲಿಯನ್ನು ಸ್ವಲ್ಪ ಅಗಲ ಮಾಡಿಸಲು ಅಥವಾ ದುಬೈಯನ್ನು ಇನ್ನಷ್ಟು ದಕ್ಷಿಣಕ್ಕೆ ಸರಿಸಲು ಸಂಬಂಧಪಟ್ಟವರಲ್ಲಿ ಮಾತನಾಡಿರಿ. ಅಲ್ಲಿಯವರೆಗೆ ಮೂರನೆಯ ‘ಬೇಡ’ ಮುಗಿಯುವ ತನಕ ಪೈಲಟ್‌ಗಳು ದಾರಿಯಲ್ಲಿ ಸಿಗುವ ಕಿಶ್ ದ್ವೀಪದ ಮೇಲೆ ಸುತ್ತುತ್ತಿರಲಿ. ಅದೂ ಆಗದಿದ್ದರೆ, ಮುಂದೆ ಕೂತವರನ್ನು ಹಿಂದೆ ಕೂತವರಷ್ಟೇ ಅಗೌರವದಿಂದ ಕಾಣಿರಿ: ಕೇಳಬೇಡಿರಿ, ಇಟ್ಟುಹೋಗಿರಿ. ಜೊತೆಗೆ, ಒಂದು ಸೀಟ್ ಬೆಲ್ಟನ್ನೂ ಆ ಪುಟ್ಟ ದೀಪವನ್ನೂ ನಮ್ಮ ಮನೆಗೆ ಕಡ ಕೊಡಲು ಸಾಧ್ಯವೇ? ಊಟದ ಹಾಸಿನ ಬಳಿ, ಅಡುಗೆಮನೆಯ ಬಾಗಿಲಿಗೆ ಹತ್ತಿರದ ಮೂಲೆಯಲ್ಲಿ ಹಾಕಿಸಬೇಕಾಗಿದೆ.

ಬರುವ ಶನಿವಾರ ನಾವು ತಮ್ಮ ವಿಮಾನದಲ್ಲೇ ಮರಳುತ್ತೇವೆ. ನನ್ನ ತಾಯಿ ಮುಂದಿನ ಸಾಲಿನಲ್ಲಿ ಕಿಟಕಿಯ ಪಕ್ಕ ಕೂತಿರುತ್ತಾರೆ. ಚಹಾ ಬೇಕೇ ಎಂದರೆ ಬೇಡ ಎನ್ನುತ್ತಾರೆ. ಅವರ ಮಾತನ್ನು ದಯವಿಟ್ಟು ನಂಬಬೇಡಿರಿ, ಮೇಜನ್ನು ನೋಡಿರಿ. ಕೈಚೀಲ ಪಕ್ಕಕ್ಕೆ ಸರಿದಿದ್ದು, ಕರವಸ್ತ್ರದ ಮೇಲೆ ಒಂದು ಸಕ್ಕರೆ ತುಂಡು ಇದ್ದರೆ, ಲೋಟ ಇಟ್ಟು ಹೋಗಿರಿ. ಬಿಸಿ ಇರಲಿ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಕಿಯೂಮರ್ಸ್ ದಶ್ತಕಿ

ತಾ.ಕ.: ತಮ್ಮ ಸಮೀಕ್ಷೆಯಲ್ಲಿ ನಾನು ತಮಗೆ ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದನ್ನು ತಾವು ಕಚೇರಿಯ ಗೋಡೆಗೆ ಅಂಟಿಸಿಕೊಂಡಿದ್ದೀರೆಂದು ಕೇಳಿ ಸಂತೋಷವಾಯಿತು. ಅದು ಮೊದಲ ಸಲ ಕೇಳಿದ್ದಕ್ಕೆ ಕೊಟ್ಟ ಉತ್ತರ. ಇನ್ನೆರಡು ಸಲ ಕೇಳಿ ನೋಡಿರಿ.