ದಿನಕ್ಕೊಂದು ಚೂರು ಬ್ಯಾಕಪ್

ನನಗೆ ನನ್ನ ಮೇಲೇ ನಂಬಿಕೆ ಕಡಿಮೆ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ವಾಪಸು ಬಂದು ನೋಡಿದ ದಿನಗಳುಂಟು. ಇಂಥವಳ ಕೈಗೆ ಚಾಮರಾಜಪೇಟೆಯ ನಮ್ಮ ಶಾಲೆಯವರು ಸ್ಮರಣ ಸಂಚಿಕೆಯ ಕೆಲಸ ಕೊಟ್ಟರು. ಕನ್ನಡ ಮೇಡಂ ಅಂದಮೇಲೆ ಕಾಗುಣಿತದಿಂದ ಕಂಪ್ಯೂಟರಿನವರೆಗೆ ಎಲ್ಲವೂ ಬರಬೇಕೆಂಬುದು ಆಡಳಿತ ಮಂಡಳಿಯ ನಂಬಿಕೆ. ಎರಡು ವರ್ಷ ಮನೆಮನೆ ತಿರುಗಿ ಹಳಬರ ನೆನಪುಗಳನ್ನು ಬರೆದುಕೊಂಡೆ, ಫೋಟೋಗಳನ್ನು ಸ್ಕ್ಯಾನ್ ಮಾಡಿಸಿದೆ, ಎಲ್ಲವನ್ನೂ ಒಂದೇ ಫೈಲಿಗೆ ತುಂಬಿದೆ. ಅದು ಎಷ್ಟು ದಪ್ಪಗಾಯಿತೆಂದರೆ, ತೆರೆಯಲು ಒತ್ತಿ ಕಾಫಿ ಕುಡಿದು ಬಂದರೂ ಅರ್ಧವೇ ತೆರೆದಿರುತ್ತಿತ್ತು.

ಫೈಲ್ ಮುಗಿಯಿತು, ಮಂಡಳಿಯ ಅಧ್ಯಕ್ಷರು ಮುಗಿಯಲಿಲ್ಲ. "ಮೇಡಂ, ನನ್ನ ಫೋಟೋದಲ್ಲಿ ಶಲ್ಯ ಪೂರ್ತಿ ಕಾಣ್ತಿಲ್ಲ, ಸ್ವಲ್ಪ ಸರಿ ಮಾಡಿ." ಮರುದಿನ, "ಸಮಾಜಸೇವಕರು ಅಂತಿದೆಯಲ್ಲ, ಅದಕ್ಕೆ ಮೊದಲು 'ಹಿರಿಯ' ಸೇರಿಸಿ." ಅದರ ಮರುದಿನ, "ಹಿರಿಯ ಅಂದ್ರೆ ವಯಸ್ಸಾದೋನು ಅನ್ಸತ್ತೆ, ತೆಗೆದ್ಬಿಡಿ." ಒಂದೊಂದು ಪದಕ್ಕೂ ನಾನು ಇಡೀ ಫೈಲನ್ನು ಡಿಸ್ಕಿನಲ್ಲಿ ಹೊಸದಾಗಿ ನಕಲು ಮಾಡಿಡುತ್ತಿದ್ದೆ. 'ಕೊನೆಯದು', 'ನಿಜವಾಗಿ ಕೊನೆಯದು', 'ಇನ್ನು ಯಾರೂ ಮುಟ್ಟಬೇಡಿ' ಎಂದು ಹೆಸರಿಟ್ಟೂ ಇಟ್ಟೂ ಒಂದು ದಿನ ಡಿಸ್ಕೇ ತುಂಬಿಹೋಯಿತು.

ಕಂಪ್ಯೂಟರ್ ಪಾಠ ಮಾಡುವ ಶೈಲಜಾ ನೋಡಿ ನಕ್ಕಳು. "ಏನ್ ಮೇಡಂ ಇದು? ಸಾರಿಗೆ ಚಿಟಿಕೆ ಉಪ್ಪು ಕಡಿಮೆ ಆಯ್ತು ಅಂತ ಮತ್ತೆ ಬೇಳೆ ಬೇಯೋಕೆ ಇಡ್ತೀರಾ?" ಏನೋ ಒಂದು ಪ್ರೋಗ್ರಾಮ್ ಹಾಕಿಕೊಟ್ಟಳು. ಮೊದಲ ದಿನ ಇಡೀ ಫೈಲಿನ ಒಂದು ಪ್ರತಿ. ಆಮೇಲೆ ದಿನಾ ಬದಲಾದ ಚೂರು ಮಾತ್ರ. ಮೊದಲನೆಯದಕ್ಕೆ ಚೂರುಗಳನ್ನು ಸೇರಿಸಿದರೆ ಯಾವ ದಿನದ್ದು ಬೇಕೋ ಆ ದಿನದ ಫೈಲ್ ಸಿಗುತ್ತದಂತೆ. ನನ್ನ ಕಿವಿಗೆ ಬಿದ್ದದ್ದು 'ಚೂರು' ಎಂಬ ಪದ ಮಾತ್ರ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಇದರ ಬಗ್ಗೆ ಉಪನ್ಯಾಸ ಕೊಟ್ಟೆ. ಗಣಿತದ ಮೇಷ್ಟ್ರು ಎದ್ದು ಹೋದರು. ಮೂರು ವಾರ ಕಳೆಯುವಷ್ಟರಲ್ಲಿ ಉತ್ಸಾಹ ಹೆಚ್ಚಾಗಿ, ಪುಟ್ಟ ಚೂರುಗಳಿರುವಾಗ ಈ ಹಳೇ ಗಜಗಾತ್ರಗಳೇಕೆಂದು ಎಲ್ಲ ಪೂರ್ಣ ಪ್ರತಿಗಳನ್ನೂ ಅಳಿಸಿಬಿಟ್ಟೆ. ಮೊದಲನೆಯದೂ ಅದರಲ್ಲೇ ಹೋಯಿತು.

ಮರುದಿನ ಮಧ್ಯಾಹ್ನ ಫೈಲ್ ಉಳಿಸುತ್ತಿರುವಾಗಲೇ ಕರೆಂಟ್ ಹೋಯಿತು. ಬಂದ ಮೇಲೆ ಫೈಲ್ ತೆರೆಯಲಿಲ್ಲ. ನಾನು ಹೆದರಲಿಲ್ಲ, ಗತ್ತಿನಿಂದಲೇ ಶೈಲಜಾಳನ್ನು ಕರೆದೆ.

"ಮೊದಲನೇ ಪ್ರತಿ ಎಲ್ಲಿ ಮೇಡಂ?"

"ಅಳಿಸಿದೆ. ಎಷ್ಟು ಜಾಗ ಉಳೀತು ಗೊತ್ತಾ?"

ಅವಳು ಕುರ್ಚಿ ಎಳೆದುಕೊಂಡು ಕೂತಳು. "ಮೇಡಂ, ಈಗ ನಿಮ್ಮ ಹತ್ರ ಉಳಿದಿರೋದು ಅಧ್ಯಕ್ಷರ ತಿದ್ದುಪಡಿಗಳು ಮಾತ್ರ."

ಶಾಲೆಯ ನೆನಪೆಲ್ಲ ಹೋಗಿ ಒಂದು ಶಲ್ಯ ಉಳಿದಿತ್ತು! ನಗು ಬರಬೇಕಿತ್ತು, ಬರಲಿಲ್ಲ. ಶಾಲೆಯ ಗಂಟೆ ಬಾರಿಸುತ್ತಿದ್ದ ಮುನಿಯಮ್ಮ ಶ್ರೀರಾಂಪುರದ ತಮ್ಮ ಮನೆಯಲ್ಲಿ ಒಂದು ಮಧ್ಯಾಹ್ನ ಪೂರ್ತಿ ಕೂತು ಕಥೆ ಹೇಳಿದ್ದರು. ಬರೆದುಕೊಂಡ ಹಾಳೆಗಳನ್ನು ಫೈಲಿಗೆ ಟೈಪ್ ಮಾಡಿದ ಮೇಲೆ ರದ್ದಿಗೆ ಹಾಕಿದ್ದೆ. ಅವರು ಈಗಿಲ್ಲ. ಮತ್ತೆ ಯಾರನ್ನು ಕೇಳಲಿ? ಮಕ್ಕಳೆದುರೇ ಕಣ್ಣೊರೆಸಿಕೊಂಡೆ.

ಅಧ್ಯಕ್ಷರಿಗೆ ಹೇಳದೆ ವಿಧಿಯಿರಲಿಲ್ಲ. ಬೈಗುಳಕ್ಕೆ ಸಿದ್ಧಳಾಗಿ ಹೋದೆ. "ಅಷ್ಟೇನಾ? ನನ್ನ ಹತ್ರ ಒಂದಿದೆಯಲ್ಲ!" ಎಂದರು. ಕುಮಾರ ಪಾರ್ಕಿನ ಬೀಗರಿಗೆ ತೋರಿಸಲೆಂದು ಆಫೀಸಿನ ಗುಮಾಸ್ತರಿಗೆ ಹೇಳಿ ಪೆನ್‌ಡ್ರೈವಿಗೆ ಹಾಕಿಸಿಕೊಂಡಿದ್ದರಂತೆ. ಶೈಲಜಾ ತಾರೀಖು ನೋಡಿದಳು. ಅವಳು ಪ್ರೋಗ್ರಾಮ್ ಹಾಕಿದ ದಿನದ್ದೇ. ಆ ಮೊದಲನೇ ಪ್ರತಿಯೇ ಅದು, ಅಕ್ಷರ ಆಚೀಚೆ ಇಲ್ಲ. ಚೂರುಗಳು ಒಂದೊಂದಾಗಿ ಬಂದು ಕೂತವು. ಮುನಿಯಮ್ಮನ ಪುಟ ತೆರೆದು ನೋಡಿದ ಮೇಲೆಯೇ ನನಗೆ ಉಸಿರು ಬಂದದ್ದು.

ಕೃತಜ್ಞತೆಯ ಪುಟದಲ್ಲಿ ಅಧ್ಯಕ್ಷರಿಗೆ ಒಂದೇ ಸಾಲು ಸಾಕೆಂದು ನಾನು ಹಟ ಹಿಡಿದಿದ್ದೆ. ಈಗ ಅದು ಅರ್ಧ ಪುಟವಾಗಿದೆ. 'ದೂರದೃಷ್ಟಿಯುಳ್ಳ' ಎಂದು ಹಾಕಲು ಅವರು ಹೇಳಿರಲೇ ಇಲ್ಲ, ನಾನೇ ಹಾಕಿದೆ. ಓದಿ ಅವರಿಗೇ ಸಂಕೋಚವಾಯಿತು. "ಸ್ವಲ್ಪ ಜಾಸ್ತಿ ಆಯ್ತೇನೋ ಮೇಡಂ?"

"ಇರ್ಲಿ ಸಾರ್," ಅಂದೆ, "ಇನ್ನೊಂದು ಸಾಲು ಸೇರಿಸ್ಲಾ?"