ದುಂಡಗೆ ಕೊರೆಯುವ ಮಾವ

ನಮ್ಮ ಸೋದರಮಾವ ಬರುತ್ತಾರೆಂದು ಗೊತ್ತಾದರೆ ನೆಂಟರು ಮೊದಲು ಕಾಪಾಡಿಕೊಳ್ಳುವುದು ಚಿನ್ನವನ್ನಲ್ಲ, ಬಾಗಿಲನ್ನು! ನಂಬುವುದಿಲ್ಲವೇ? ಬನಹಟ್ಟಿಯಿಂದ ಬೀಳಗಿಯವರೆಗೆ ನಮ್ಮ ಬಳಗದಲ್ಲಿ ಯಾರನ್ನಾದರೂ ಕೇಳಿ ನೋಡಿ. ಹಿಪ್ಪರಗಿಯ ಬೀಗರಂತೂ ಮಾವನ ಕೈಯಲ್ಲಿ ಚೀಲ ಕಂಡರೆ ಸಾಕು, "ಅರಾಮ ಇದ್ದೀರಿ?" ಎನ್ನುವ ಮೊದಲೇ "ಮಷೀನ್ ತಂದೀರೇನ್ರಿ?" ಎಂದು ಕೇಳುತ್ತಾರೆ.

ಮಷೀನ್ ಎಂದರೆ ಕೈಯಲ್ಲಿ ಹಿಡಿದು ಮರ ಕೊರೆಯುವ ಯಂತ್ರ. ಗುಂಡಿ ಒತ್ತಿದರೆ ತುದಿಯ ಅಲಗು ಗುಂಯ್ ಎಂದು ತಿರುಗುತ್ತದೆ. ಅಷ್ಟೇ ಆಗಿದ್ದರೆ ಊರು ಉಳಿಯುತ್ತಿತ್ತು. ಆದರೆ ಜಮಖಂಡಿಯ ಅಂಗಡಿಯವನೊಬ್ಬ ಅದಕ್ಕೆ ಜೋಡಿಸುವ ಒಂದು ಕಬ್ಬಿಣದ ಪಟ್ಟಿಯನ್ನೂ ಕೊಟ್ಟುಬಿಟ್ಟ. ಶಾಲೆಯ ಕೈವಾರ ನೆನಪಿದೆಯಲ್ಲ? ಅದರ ಅಣ್ಣ ಇದು. ಒಂದು ತುದಿಯಲ್ಲಿ ಮೊಳೆ, ಇನ್ನೊಂದು ತುದಿಯಲ್ಲಿ ಪೆನ್ಸಿಲಿನ ಬದಲು ಈ ಗುಂಯ್‌ಗುಡುವ ರಾಕ್ಷಸ! ನಡುವೆ ಮೊಳೆ ನೆಟ್ಟು ಮಷೀನಿಗೆ ಒಂದು ಪ್ರದಕ್ಷಿಣೆ ಹಾಕಿಸಿದರೆ ಹಲಗೆಯಿಂದ ಹುಣ್ಣಿಮೆಯ ಚಂದ್ರನಂಥ ತುಂಡು ಕೆಳಗೆ ಬೀಳುತ್ತದೆ. ಮೊದಲ ಚಂದ್ರ ಬಿದ್ದ ದಿನವೇ ಮಾವ ನಮ್ಮ ಕೈಮೀರಿ ಹೋದರು.

ಮಾವ ಜೀವನಪೂರ್ತಿ ಸೀರೆ ನೇಯುವ ಪಾವರಲೂಮ್ ರಿಪೇರಿ ಮಾಡಿದವರು. ಈ ದುಂಡಿನ ಹುಚ್ಚು ಯಾಕೆ ಎಂದು ಒಮ್ಮೆ ಕೇಳಿದೆ. "ನಲವತ್ತ ವರ್ಷ ಉದ್ದ ಎಳಿ, ಅಡ್ಡ ಎಳಿ ನೋಡಿ ನೋಡಿ ನನ್ನ ಕಣ್ಣs ಚೌಕ ಆಗ್ಯಾವಪಾ. ಇನ್ನ ಮ್ಯಾಲ ದುಂಡಂದು ನೋಡ್ತೇನಿ!" ಎಂದರು. ಇದಕ್ಕೆ ಏನು ಹೇಳುತ್ತೀರಿ?

ಮೊದಲ ಬಲಿ ಅವರದೇ ಅಡುಗೆಮನೆಯ ಬಾಗಿಲು. ಬೆಕ್ಕು ಓಡಾಡಲು ಒಂದು ಕಿಂಡಿ ಬೇಕೆಂದು ಮಾವನಿಗೆ ಅನ್ನಿಸಿತು. ಬೆಕ್ಕಿಗೆ ಅನ್ನಿಸಿರಲಿಲ್ಲ. ಅದನ್ನು ಹಿಡಿದು ಟೇಪಿನಿಂದ ಹೊಟ್ಟೆಯ ಅಳತೆ ತೆಗೆದು, ಎರಡೂ ಕೈಗೆ ಪರಚಿಸಿಕೊಂಡು, ಅಚ್ಚುಕಟ್ಟಾದ ಕಿಂಡಿ ಕೊರೆದರು. ಮರುದಿನದಿಂದ ಪಕ್ಕದ ಮನೆಯ ಕೋಳಿಗಳೆಲ್ಲ ಸಾಲಾಗಿ ಒಳಗೆ ಬಂದವು. ಬೆಕ್ಕು ಮಾತ್ರ ಬಾಗಿಲು ತೆರೆಯುವವರೆಗೆ ಹೊರಗೆ ಕೂತು ಕೂಗುತ್ತಿತ್ತು.

"ಬೆಕ್ಕಿಗಿ ಮರ್ಯಾದಿ ಐತ್ರಿ," ಎಂದರು ಅತ್ತೆ. "ಬಂದ್ರ ಬಾಗಲದಾಗಿಂದ ಬರ್ತೈತಿ. ನಿಮ್ಮ ತೂತಿನ್ಯಾಗಿಂದ ಅಲ್ಲ!"

ಆಮೇಲೆ ಊಟದ ಮೇಜು. ಚೌಕ ಮೇಜಿನಲ್ಲಿ ಮೇಲು ಕೀಳು ಬರುತ್ತದೆ, ದುಂಡಗಾದರೆ ಎಲ್ಲರೂ ಸಮ ಎಂಬುದು ಮಾವನ ಸಿದ್ಧಾಂತ. ಸಿದ್ಧಾಂತ ಸರಿಯಾಗಿಯೇ ಇತ್ತು. ಮೊಳೆ ನೆಟ್ಟರು, ಸುತ್ತು ಹಾಕಿದರು, ದುಂಡು ಹಲಗೆ ದಡ್ಡೆಂದು ನೆಲಕ್ಕೆ ಬಿತ್ತು. ಕಾಲುಗಳು ಇದ್ದದ್ದು ನಾಲ್ಕು ಮೂಲೆಯಲ್ಲಿ! ಉಳಿದದ್ದು ನಾಲ್ಕು ಕಾಲಿನ ಮೇಲೆ ನಿಂತ ಒಂದು ಬಾವಿಕಟ್ಟೆ. ಅದೇ ಸಂಜೆ ನಾನು ಮುಧೋಳದಿಂದ ಹೋಗಿದ್ದೆ. ಮಾತಿನ ಭರದಲ್ಲಿ ಚಹಾದ ಕಪ್ಪನ್ನು ಅಭ್ಯಾಸಬಲದಿಂದ ಮೇಜಿನ ನಡುವೆ ಇಟ್ಟೆ. ಅದರ ಚೂರುಗಳು ಇಂದಿಗೂ ಒಂದಾಗಿಲ್ಲ.

"ಕಾಲು ಮೂಲ್ಯಾಗ ಇರ್ತಾವು ಅಂತ ನನಗೇನ ಗೊತ್ತು?" ಎಂದರು ಮಾವ.

"ಇಪ್ಪತ್ತ ವರ್ಷ ಅದರ ಮ್ಯಾಲs ಉಂಡೀರಲ್ರೀ!" ಎಂದರು ಅತ್ತೆ.

"ಉಣ್ಣೂವಾಗ ಯಾರರೆ ಬಗ್ಗಿ ಕೆಳಗ ನೋಡ್ತಾರೇನ ಬೇ?"

ಅಟ್ಟದ ಕಥೆ ಕೇಳಿ. ಅಡುಗೆಮನೆಯ ಮೇಲೆ ಹಲಗೆಯ ಅಟ್ಟ. ಅಲ್ಲಿಂದ ಸಾಮಾನನ್ನು ನೇರವಾಗಿ ಅತ್ತೆಯ ಕೈಗೆ ಇಳಿಸಲು ಒಂದು ದುಂಡು ಬಾಯಿ ಬೇಕು ಎಂದು ಮಾವ ಏಣಿ ಹತ್ತಿದರು. ಕೂತಲ್ಲೇ ಮೊಳೆ ನೆಟ್ಟು, ಮೊಳಕಾಲೂರಿ ಸರಿಯುತ್ತ ಸರಿಯುತ್ತ ತಮ್ಮ ಸುತ್ತಲೇ ಕೊರೆದರು. ಕೂತ ಟೊಂಗೆ ಕಡಿದವರ ಕಥೆ ನಾವೆಲ್ಲ ಕೇಳಿದ್ದೇವೆ. ಆದರೆ ಕೂತ ಟೊಂಗೆಯನ್ನು ಅಳತೆ ಮಾಡಿ, ಇಷ್ಟು ನಾಜೂಕಾಗಿ ಕಡಿದವರುಂಟೇ? ಸುತ್ತು ಮುಗಿಯಿತು. ಮಾವ ತಟ್ಟೆಯಲ್ಲಿಟ್ಟ ಲಾಡುವಿನಂತೆ ಹಲಗೆಯ ಸಮೇತ ಇಳಿದು, ಅಟ್ಟಕ್ಕೇರಿಸಲೆಂದು ಕೆಳಗೆ ಒಟ್ಟಿದ್ದ ಕೌದಿ, ಹೊದಿಕೆಗಳ ಮೇಲೆ ಬಿದ್ದರು.

"ನೋಡಿದ್ಯಾ? ದುಂಡು ಎಷ್ಟ ಛಲೋ ಬಂದೈತಿ!" ಎಂದರು ಬಿದ್ದಲ್ಲಿಂದಲೇ.

"ದುಂಡು ಛಲೋ ಬಂದೈತಿ," ಎಂದರು ಅತ್ತೆ ಜೋಳ ಹಸನು ಮಾಡುತ್ತ, "ಅದರ ಜೋಡಿ ನೀವು ಬರಬಾರದಾಗಿತ್ತು."

ಹೀಗೆ ನಗುತ್ತ ನಗಿಸುತ್ತ ಇದ್ದ ಅತ್ತೆಗೆ ಹೋದ ವರ್ಷ ಲಕ್ವ ಹೊಡೆಯಿತು. ಮಾತು ಮರಳಿತು. ಬಲಗೈ ಮರಳಲಿಲ್ಲ. ಮನೆ ತುಂಬ ನಗುತ್ತಿದ್ದ ಹೆಂಗಸು ಮೂಕಿಯಂತೆ ಕೂತುಬಿಟ್ಟರು. ಮಾವ ತುತ್ತು ಮಾಡಿ ಬಾಯಿಗೆ ಹಿಡಿದರೆ, "ನಾ ಏನ ಕೂಸ?" ಎಂದು ಮುಖ ತಿರುಗಿಸುವರು. ಎಡಗೈಯಿಂದ ರೊಟ್ಟಿ ಮುರಿಯಲು ಹೋದರೆ ತಾಟು ಜಾರಿ ಅತ್ತ ಓಡುವುದು. ಮಾವ ತಾಟು ಹಿಡಿದುಕೊಂಡರೆ, "ಬಿಡ್ರಿ, ಸಾಕಾತು" ಎಂದು ಕೈ ತೊಳೆಯುವರು. ಎರಡು ತಿಂಗಳಲ್ಲಿ ಅತ್ತೆ ಅರ್ಧವಾದರು. ಮಷೀನಿನ ಮೇಲೆ ಧೂಳು ಕೂತಿತು.

ಒಂದು ಮುಂಜಾನೆ ನಾನು ಹೋದಾಗ ಹಿತ್ತಲಿನಲ್ಲಿ ಮತ್ತೆ ಗುಂಯ್! ನನಗೆ ಮೈಯೆಲ್ಲ ಉರಿಯಿತು.

"ಮಾಮಾ, ಇದೇನ ಆಟ ಆಡೂ ಹೊತ್ತೇನ್ರಿ?"

ಮಾವ ಹಲಗೆಯ ಮೇಲಿನ ಹೊಟ್ಟು ಊದಿದರು. ಸುತ್ತ ಮೂರು ಹಲಗೆ ಕೆಟ್ಟು ಬಿದ್ದಿದ್ದವು. ಪಕ್ಕದಲ್ಲಿ ಅತ್ತೆಯ ಸ್ಟೀಲಿನ ತಾಟು, ಪಲ್ಯ ಹಾಕುವ ವಾಟಗ. ನಾಲ್ಕನೆಯ ಹಲಗೆಯ ಮೇಲೆ ಕಬ್ಬಿಣದ ಪಟ್ಟಿಯನ್ನು ಕೂದಲೆಳೆಯಷ್ಟು ಸರಿಸಿ, ಸುತ್ತು ಕಿರಿದು ಮಾಡುತ್ತ ಮಾಡುತ್ತ, ತೂತು ಬೀಳದ ಹಾಗೆ ಅರ್ಧ ಬೆರಳಿನಷ್ಟೇ ಆಳಕ್ಕೆ ಕೆರೆಯುತ್ತಿದ್ದರು. ಒಂದು ದೊಡ್ಡ ದುಂಡು, ಅದರ ಪಕ್ಕ ಒಂದು ಸಣ್ಣ ದುಂಡು. ಸಿಬಿರು ಏಳದಂತೆ ಅಂಚನ್ನು ಉಜ್ಜಿ, ತಮ್ಮ ಕೆನ್ನೆಗೆ ಸವರಿ ನೋಡಿದರು.

ಹಲಗೆಯನ್ನು ಅತ್ತೆಯ ಮುಂದೆ ಇಟ್ಟರು. ತಾಟು ದೊಡ್ಡ ದುಂಡಿನಲ್ಲಿ ಕೂತಿತು, ವಾಟಗ ಸಣ್ಣದರಲ್ಲಿ. ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿ, ಗೋಡೆಯ ಕಡೆ ತಿರುಗಿ ಮಷೀನಿನ ಸ್ಕ್ರೂ ಬಿಚ್ಚುತ್ತ ಕೂತರು. ಅದು ಬಿಚ್ಚಬೇಕಾದ ಸ್ಕ್ರೂ ಆಗಿರಲಿಲ್ಲ.

ಅತ್ತೆ ಎಡಗೈಯಿಂದ ತಾಟನ್ನು ನೂಕಿದರು. ಅಲುಗಲಿಲ್ಲ. ಇನ್ನೊಮ್ಮೆ ಜೋರಾಗಿ ನೂಕಿದರು. ಅಲುಗಲಿಲ್ಲ. ಕಿರುಬೆರಳಿನಿಂದ ರೊಟ್ಟಿಯನ್ನು ಅದುಮಿ, ಹೆಬ್ಬೆರಳು ತೋರುಬೆರಳಿನಿಂದ ಒಂದು ಚೂರು ಮುರಿದರು. ಪಲ್ಯ ಹಚ್ಚಿ ಬಾಯಿಗಿಟ್ಟರು.

"ಏನ್ರೀ," ಎಂದರು ಅತ್ತೆ. "ಪಲ್ಯಾ ಸಪ್ಪಗ ಆಗೈತಿ. ಯಾರ್ ಮಾಡ್ಯಾರ?"

"ನಾನs," ಎಂದರು ಮಾವ ಗೋಡೆಯ ಕಡೆಯಿಂದ.

"ಗೊತ್ತಾತು," ಎಂದು ಅತ್ತೆ ಇನ್ನೊಂದು ಚೂರು ಮುರಿದರು.

ಮಾವ ಉಪ್ಪು ತರಲು ಒಳಗೆ ಹೋದರು. ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು.