ಪದ್ದಕ್ಕನ ರಜೆ ಪರಿಶೀಲನೆಯಲ್ಲಿದೆ

ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದ ಹೊಸತು. ಇಡೀ ರಾಜ್ಯದ ಹೆಸರನ್ನೇ ಬದಲಾಯಿಸಿದವರಿಗೆ ನರ್ಸ್‌ಗಳ ರಜೆಯ ನಿಯಮ ಬದಲಾಯಿಸುವುದು ಯಾವ ಮಹಾ ಕೆಲಸ ಎಂದು ನಾನು ಅಂದುಕೊಂಡೆ. ಭಾನುವಾರ ನಮ್ಮ ಶಾಸಕರ ಮನೆಗೆ ಹೋಗುವುದು, ವಿಷಯ ಹೇಳುವುದು, ಕಾಫಿ ಕೊಟ್ಟರೆ ಕುಡಿಯುವುದು. ಸೋಮವಾರ ಕಾನೂನು! ಇದು ನನ್ನ ಲೆಕ್ಕಾಚಾರ.

ನಮ್ಮ ಯಜಮಾನರು ಕನ್ನಡಿ ಮುಂದೆ ಮುಖಕ್ಕೆ ಸೋಪು ಬಳಿದುಕೊಂಡು ಕೂತಿದ್ದರು. "ರೇಷನ್ ಅಂಗಡಿ ಕ್ಯೂನಲ್ಲಿ ನಿನ್ನ ಜಾಗ ನೀನು ಉಳಿಸ್ಕೊಳಲ್ಲ. ನೀನು ಹೋಗಿ ಸರ್ಕಾರದ ಹತ್ರ ಮಾತಾಡ್ತೀಯಾ?"

"ಯಾಕ್ರೀ, ಡಾಕ್ಟರ್ ಹತ್ರ ಮಾತಾಡ್ತೀನಿ, ಶಾಸಕರ ಹತ್ರ ಆಗಲ್ವಾ?"

"ಡಾಕ್ಟರ್ ಹತ್ರ ನೀನು ಮಾತಾಡೋದು ಒಂದೇ ಮಾತು. ಯೆಸ್ ಸಾರ್!"

ಉರಿದುಹೋಯಿತು. ಆದರೆ ಮಾತು ನಿಜ.

ನಾನು ಇಷ್ಟೆಲ್ಲ ಹಾರಾಡಿದ್ದು ಪದ್ದಕ್ಕನಿಗಾಗಿ. ಆಸ್ಪತ್ರೆಗೆ ಸೇರಿದಾಗ ನನಗೆ ಕೆಲಸ ಕಲಿಸಿದ ಹಿರಿಯ ಸಿಸ್ಟರ್ ಅವರು. ಕ್ಷಯದ ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದು, ಕೊನೆಗೆ ಅದೇ ಕ್ಷಯ ಅಂಟಿಸಿಕೊಂಡು ಲಗ್ಗೆರೆಯಲ್ಲಿ ಅಣ್ಣನ ಮನೆಯ ಜಗುಲಿಯ ಮೇಲೆ ಮಲಗಿದ್ದರು. ಅವರ ರಜೆ ಮುಗಿಯುತ್ತಾ ಬಂದಿತ್ತು. ಮುಗಿದರೆ ಗುಣವಾಗದೆಯೇ ಡ್ಯೂಟಿಗೆ ಬರಬೇಕು, ಇಲ್ಲವೇ ಕೆಲಸ ಬಿಡಬೇಕು. ವಾರ್ಡಿನಿಂದಲೇ ಕಾಯಿಲೆ ಹತ್ತಿದ ನರ್ಸ್‌ಗೆ ಪೂರ್ತಿ ಗುಣವಾಗುವ ತನಕ ರಜೆ ಕೊಡಿ ಎನ್ನುವುದು ನಮ್ಮೆಲ್ಲರ ಬೇಡಿಕೆಯಾಗಿತ್ತು.

ಪದ್ದಕ್ಕ ಕಲಿಸಿದ ಒಂದು ಪಾಠ ಇಲ್ಲೇ ಹೇಳಿಬಿಡುತ್ತೇನೆ. ಹೊಸಬಳಾಗಿದ್ದಾಗ ನಾನು ಅಬ್ಸರ್ವೇಷನ್‌ನಲ್ಲಿದ್ದ ರೋಗಿಯನ್ನು ಬಿಟ್ಟು ಊಟಕ್ಕೆ ಹೋಗಿದ್ದೆ. ಅವರು ಬಂದು ತಟ್ಟೆಯ ಮುಂದಿನಿಂದ ನನ್ನನ್ನು ಎಬ್ಬಿಸಿದರು. "ಅಬ್ಸರ್ವೇಷನ್ ಅಂದ್ರೆ ಕಣ್ಣು ತೆಗೀಬಾರ್ದು ಕಣೇ ಲಲಿತಾ. ನಾಡಿ ನೋಡ್ಬೇಕು, ಜ್ವರ ನೋಡ್ಬೇಕು, ಮತ್ತೆ ನೋಡ್ಬೇಕು. ಅನ್ನ ಕಾಯುತ್ತೆ. ಅವನು ಕಾಯಲ್ಲ." ಆ ಮಾತನ್ನು ನಾನು ಮತ್ತೆ ಮರೆತಿಲ್ಲ.

ಸರಿ, ಭಾನುವಾರ ಬಂತು. ಮೂವರು ನರ್ಸ್‌ಗಳು ಗಂಜಿ ಹಾಕಿದ ಬಿಳಿ ಸೀರೆ ಉಟ್ಟು ವಿಜಯನಗರದಲ್ಲಿದ್ದ ಶಾಸಕರ ಮನೆಯ ಗೇಟು ತೆಗೆದೆವು. ಯೂನಿಫಾರಂ ಹಾಕಿಕೊಂಡರೆ ಗೌರವ ಎಂಬ ಐಡಿಯಾ ನನ್ನದೇ. ಬಾಗಿಲಲ್ಲಿ ಹೂ ಕಟ್ಟುತ್ತಿದ್ದ ಶಾಸಕರ ತಾಯಿ ನಮ್ಮನ್ನು ನೋಡಿದ್ದೇ ತಡ, ಎದೆ ಹಿಡಿದುಕೊಂಡರು.

"ಅಯ್ಯಯ್ಯೋ! ಯಾರಿಗೇನಾಯ್ತ್ರೇ? ನನ್ನ ಮಗನಿಗೇನಾಯ್ತು?"

ಪಕ್ಕದ ಮನೆಯವರು ಓಡಿ ಬಂದರು. ಎದುರುಮನೆಯವರು ನೀರು ತಂದರು. ಒಬ್ಬರಂತೂ ಯಾಕೆ ಎಂದು ತಿಳಿಯದೆಯೇ ಅಳಲು ಶುರು ಮಾಡಿದರು! ಇಂಥ ಹೊತ್ತಿನಲ್ಲಿ ನರ್ಸ್ ಬಾಯಿಂದ ಒಂದೇ ಮಾತು ಬರುವುದು. ನಾನು ಅಜ್ಜಿಯ ನಾಡಿ ಹಿಡಿದು ಹೇಳಿದೆ: "ಏನಿಲ್ಲ ಅಜ್ಜಿ, ಗಾಬರಿ ಆಗ್ಬೇಡಿ. ಎಲ್ಲ ಸರಿಯಾಗಿದೆ."

ಅಷ್ಟರಲ್ಲಿ ಶಾಸಕರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಗೆ ಬಂದರು. "ಎಲ್ಲ ಸರಿಯಾಗಿದೆಯಾ? ಒಳ್ಳೇದು. ಮತ್ತೆ ಯಾಕೆ ಬಂದ್ರಿ?"

"ಯೆಸ್ ಸಾರ್," ಎಂದೆ ನಾನು.

ಇನ್ನಿಬ್ಬರೂ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ. ಶಾಸಕರಿಗೆ ಮೀಟಿಂಗ್ ಇತ್ತು, ಹೊರಟುಹೋದರು. ಅಜ್ಜಿಗೆ ಮಾತ್ರ ನನ್ನ ಮೇಲೆ ಪ್ರೀತಿ ಬಂತು. ಅವರಿಗೆ ವಾರಕ್ಕೊಂದು ಶಕ್ತಿಯ ಇಂಜೆಕ್ಷನ್ ಬರೆದಿದ್ದರಂತೆ, ಹಾಕುವ ಕಾಂಪೌಂಡರ್ ಕೈ ಬಲು ಭಾರವಂತೆ. "ನೀನೇ ಬಂದು ಹಾಕ್ಬಿಡು ತಾಯಿ," ಎಂದರು. ಹೀಗೆ ನಾನು ಶಾಸಕಾಂಗದ ಒಳಗೆ ಸೂಜಿಯ ಮೂಲಕ ಪ್ರವೇಶ ಪಡೆದೆ.

ಪ್ರತಿ ಭಾನುವಾರ ಗಾಜಿನ ಸಿರಿಂಜ್ ಕುದಿಸಿ ಡಬ್ಬಿಯಲ್ಲಿ ಹಾಕಿಕೊಂಡು ಹೋದೆ. ಅಜ್ಜಿಗೆ ಹಾಕುವುದನ್ನು ಕಂಡು ಶಾಸಕರ ಮಾವ ತೋಳು ಮಡಚಿ ಕೂತರು. ಡ್ರೈವರ್ ತನ್ನ ಕಾಲಿನ ಗಾಯ ತೋರಿಸಿದ. ರಜೆಯ ವಿಷಯ ಒಂದು ಬಿಟ್ಟು ಆ ಮನೆಯ ಎಲ್ಲ ವಿಷಯಕ್ಕೂ ಚಿಕಿತ್ಸೆ ನಡೆಯಿತು! ಕೊನೆಗೆ ಒಂದು ದಿನ ಇಂಜೆಕ್ಷನ್ ಹಾಕುತ್ತಾ ಅಜ್ಜಿಗೆ ಪದ್ದಕ್ಕನ ಕತೆ ಹೇಳಿದೆ. ಅಜ್ಜಿ ಕಣ್ಣೊರೆಸಿಕೊಂಡು ಒಳಗೆ ಕೂಗಿದರು: "ಲೋ, ಇಲ್ಲಿ ಬಾರೋ! ಜನಗಳ ಕೆಮ್ಮನ್ನ ತನ್ನ ಎದೆಗೆ ಹಾಕ್ಕೊಂಡಿದಾಳಂತೆ. ಅವಳಿಗೆ ರಜ ಕೊಡ್ಸಕ್ಕಾಗಲ್ವೇನೋ ನಿನ್ನ ಕೈಲಿ?"

ತಾಯಿಯ ಆಜ್ಞೆ. ಶಾಸಕರು ಸದನದಲ್ಲಿ ಪ್ರಶ್ನೆ ಕೇಳುತ್ತೇನೆ ಎಂದು ಒಪ್ಪಿದರು. ನಮಗೆ ಗ್ಯಾಲರಿಯ ಪಾಸನ್ನೂ ಕೊಡಿಸಿದರು.

ವಿಧಾನಸೌಧದ ಮೆಟ್ಟಿಲು ಹತ್ತುವಾಗ ಸೀರೆಯ ನೆರಿಗೆಯನ್ನು ಎರಡೆರಡು ಸಲ ಸರಿಮಾಡಿಕೊಂಡೆ. ಗ್ಯಾಲರಿಯಲ್ಲಿ ಮಾತಾಡುವ ಹಾಗಿಲ್ಲ, ಕೆಮ್ಮುವಾಗಲೂ ಹುಷಾರು ಎಂದು ಮೊದಲೇ ಹೇಳಿದ್ದರು. ನಮ್ಮ ಪ್ರಶ್ನೆ ಬಂತು. ಮಂತ್ರಿಗಳು ಎದ್ದು ನಿಂತು, "ಈ ವಿಷಯ ಸರ್ಕಾರದ ಪರಿಶೀಲನೆಯಲ್ಲಿದೆ" ಎಂದರು. ನಮ್ಮ ಶಾಸಕರು "ಎಷ್ಟು ದಿನದಲ್ಲಿ" ಎಂದು ಮತ್ತೆ ಕೇಳಲು ಎದ್ದರು. ಅಷ್ಟರಲ್ಲಿ ಬೇರೆ ಯಾವುದೋ ವಿಷಯಕ್ಕೆ ಎರಡೂ ಕಡೆಯವರು ಎದ್ದು ಕೂಗಾಡತೊಡಗಿದರು. ಮಾತೇ ಕೇಳಿಸುತ್ತಿಲ್ಲ! ವಾರ್ಡಿನಲ್ಲಿ ಗಲಾಟೆ ಆದರೆ ನನ್ನ ಕೈಯಲ್ಲಿ ಸುಮ್ಮನಿರಲಾಗುವುದಿಲ್ಲ, ಅದೇ ಅಭ್ಯಾಸ. ಎದ್ದು ನಿಂತೆ.

"ಶ್! ಸೈಲೆನ್ಸ್! ಎಲ್ಲ ಅವರವರ ಜಾಗಕ್ಕೆ ಹೋಗಿ!"

ಒಂದು ಕ್ಷಣ ಸದನ ನಿಜಕ್ಕೂ ಸುಮ್ಮನಾಯಿತು. ನನ್ನ ಜೀವನದಲ್ಲಿ ಸರ್ಕಾರ ನನ್ನ ಮಾತು ಕೇಳಿದ್ದು ಅದೊಂದೇ ಸಲ. ಮರುಕ್ಷಣ ಮಾರ್ಷಲ್ ಬಂದರು. "ನಡೀರಿ ಅಮ್ಮಾ, ಆಚೆ ನಡೀರಿ."

ಹೊರಗೆ ಹಾಕಿದರೂ ನನಗೆ ಬೇಜಾರಾಗಲಿಲ್ಲ. ಕೇಳಬೇಕಾದ ಮಾತು ಕೇಳಿಯಾಗಿತ್ತಲ್ಲ! ಸೀದಾ ಲಗ್ಗೆರೆಗೆ ಹೋದೆ. ಪದ್ದಕ್ಕ ಜಗುಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಅವರ ಲೋಟ, ತಟ್ಟೆ ಬೇರೆಯಾಗಿ ಪಕ್ಕದಲ್ಲಿ ಕವುಚಿದ್ದವು.

"ಅಕ್ಕಾ, ಮಂತ್ರಿಗಳೇ ಹೇಳಿದ್ರು! ನಿಮ್ಮ ರಜ ಪರಿಶೀಲನೇಲಿದೆ!"

"ಪರಿಶೀಲನೆ ಅಂದ್ರೆ ಅಬ್ಸರ್ವೇಷನ್ ತಾನೇ?"

"ಹೂಂ ಅಕ್ಕ, ಅದೇ."

ಪದ್ದಕ್ಕನ ಮುಖ ಅರಳಿತು. "ಹಂಗಾದ್ರೆ ಬಿಡು. ಯಾರೋ ಕಣ್ಣಿಟ್ಟು ನೋಡ್ತಾ ಇದಾರೆ." ಇಬ್ಬರೂ ಕೂತು ಖುಷಿಪಟ್ಟೆವು. ನಮ್ಮ ಇಡೀ ಆಯಸ್ಸಿನಲ್ಲಿ ಆ ಮಾತಿಗೆ ಬೇರೆ ಅರ್ಥ ಇರಬಹುದು ಎಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮನೆಗೆ ಬಂದು ಯಜಮಾನರಿಗೆ ಹೇಳಿದರೆ ಅವರು ನಗಲಿಲ್ಲ. ನನ್ನ ಮುಖವನ್ನೇ ನೋಡಿ, "ಊಟ ಮಾಡು," ಎಂದರು. ಆಗಲೇ ನನಗೆ ಗೊತ್ತಾಗಬೇಕಿತ್ತು.

ರಜೆ ಮುಗಿಯಿತು. ಆರ್ಡರ್ ಬರಲಿಲ್ಲ. "ಬರೋ ತನಕ ಹೆಂಗೋ ಮಾಡ್ತೀನಿ ಕಣೇ," ಎಂದು ಪದ್ದಕ್ಕ ಡ್ಯೂಟಿಗೆ ಬಂದರು. ಕೆಲವು ವಾರ ಗೋಡೆ ಹಿಡಿದುಕೊಂಡು ಓಡಾಡಿದರು. ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ರಕ್ತ ಕೆಮ್ಮಿ ಕುಸಿದರು. ತಾವೇ ಹಾಸಿಗೆ ಹಾಸುತ್ತಿದ್ದ ವಾರ್ಡಿನಲ್ಲಿ ಅವರನ್ನು ಮಲಗಿಸಿದೆವು. ಡಾಕ್ಟರ್ ಅಬ್ಸರ್ವೇಷನ್ ಎಂದು ಬರೆದರು. ನಾನು ಪಕ್ಕದಿಂದ ಏಳಲಿಲ್ಲ.

"ಊಟಕ್ಕೆ ಹೋಗೇ," ಎಂದರು ಪದ್ದಕ್ಕ.

"ಅನ್ನ ಕಾಯುತ್ತೆ ಅಕ್ಕ."

ಅವರು ನಕ್ಕರು. ನಕ್ಕಿದ್ದಕ್ಕೆ ಕೆಮ್ಮು ಬಂತು. ಸುಧಾರಿಸಿಕೊಂಡು ಹೇಳಿದರು: "ನೋಡೇ, ಈಗ ಇಬ್ರೂ ಅಬ್ಸರ್ವೇಷನ್‌ನಲ್ಲಿದೀವಿ. ನಾನೂ, ನನ್ನ ರಜಾನೂ. ಯಾರು ಮೊದ್ಲು ಡಿಸ್ಚಾರ್ಜ್ ಆಗ್ತೀವೋ ನೋಡೋಣ."

ಪದ್ದಕ್ಕನೇ ಮೊದಲು ಹೋದರು. ಮಧ್ಯಾಹ್ನ ರೋಗಿಗಳಿಗೆ ಊಟ ಕೊಡುವ ಹೊತ್ತಿಗೆ, ನಾನು ಹಿಡಿದಿದ್ದ ನಾಡಿ ನನ್ನ ಬೆರಳಿನ ಕೆಳಗೇ ನಿಂತುಹೋಯಿತು. ಅಷ್ಟು ಕಣ್ಣಿಟ್ಟು ನೋಡುತ್ತಿದ್ದೆ. ಅವರನ್ನು ನೆನೆದು ಅಳದ ವರ್ಷ ಇಲ್ಲ.

ಆ ವಾರ ಅಜ್ಜಿಯ ಇಂಜೆಕ್ಷನ್‌ಗೆ ಹೋಗಲೇಬೇಕಿತ್ತು, ಹೋದೆ. ಸೂಜಿ ಚುಚ್ಚುವಾಗಲೇ ಅವರು ಕೇಳಿದರು: "ನಿಮ್ಮ ಪದ್ದಮ್ಮ ಹೆಂಗಿದಾಳೆ ತಾಯಿ?"

ಅಜ್ಜಿಯದು ಗಾಬರಿಯ ಎದೆ. ತೋಳಲ್ಲಿ ಸೂಜಿ ಬೇರೆ ಇದೆ. ನನ್ನ ಬಾಯಿ ನನ್ನನ್ನು ಕೇಳಲೇ ಇಲ್ಲ: "ಏನಿಲ್ಲ ಅಜ್ಜಿ, ಗಾಬರಿ ಆಗ್ಬೇಡಿ. ಎಲ್ಲ ಸರಿಯಾಗಿದೆ."

ಕಾರಿನ ಕಡೆ ಹೊರಟಿದ್ದ ಶಾಸಕರು ಅದನ್ನು ಕೇಳಿಸಿಕೊಂಡು ನಿಂತರು. "ನೋಡಿದ್ರಾ ಸಿಸ್ಟರ್! ಸುಮ್ನೆ ಅಷ್ಟೊಂದು ಹೆದರಿಕೊಂಡಿದ್ರಿ. ಸದನದಲ್ಲಿ ಒಂದು ಮಾತು ಕೇಳಿದ್ದಕ್ಕೆ ಎಲ್ಲ ಸರಿಹೋಯ್ತು!"

ಹೇಳಬೇಕೆಂದು ಬಾಯಿ ತೆರೆದೆ. "ಯೆಸ್ ಸಾರ್," ಎಂದು ಬಂತು. ಕಾರು ಹೊರಟಿತು.

ಅಜ್ಜಿ ತೋಳು ತಿಕ್ಕಿಕೊಳ್ಳುತ್ತಾ ಹೇಳಿದರು: "ನಿನ್ನ ಕೈ ಹಗುರ ಕಣಮ್ಮ. ನೋವೇ ಗೊತ್ತಾಗಲ್ಲ."

ಹೌದು. ನೋವು ಗೊತ್ತಾಗದ ಹಾಗೆ ಮಾಡುವುದರಲ್ಲಿ ನಾನು ಬಹಳ ಹುಷಾರು. ವಿಧಾನಸೌಧದಲ್ಲೂ ಯಾರಿಗೂ ಗೊತ್ತಾಗಲಿಲ್ಲ!